ಕಾಲ್ದೆಸೆಯ ಸುಕ್ಕು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ರೈಲು ನಿಲ್ದಾಣದ ಎದುರಿನ ದೊಡ್ಡ ಲಾಡ್ಜಿನ ನೆಲಮಾಳಿಗೆಯಲ್ಲಿ ಅವಳ ಕೆಲಸ. ಒಗೆದು ಹಿಂಡಿ ಬಂದ ಹಾಸುಗಳಿಗೆ ಗಂಜಿ ಹಾಕುವುದು, ಇಸ್ತ್ರಿ ತಿಕ್ಕುವುದು, ಮಡಿಸಿ ಅಂತಸ್ತಿಗೊಂದರಂತೆ ಗಂಟು ಕಟ್ಟುವುದು. ಮದುವೆಗೆ ಮುಂಚೆ ಹಿಡಿದ ಇಸ್ತ್ರಿಪೆಟ್ಟಿಗೆಯನ್ನು ಮಗಳು ಚಪ್ಪಲಿ ಅಂಗಡಿಗೆ ಕೆಲಸಕ್ಕೆ ಹೋಗುವಷ್ಟು ದೊಡ್ಡವಳಾದ ಮೇಲೂ ಕೆಳಗಿಟ್ಟಿರಲಿಲ್ಲ. ಹಾಸಿನ ಮೇಲೆ ಒಂದು ಸುಕ್ಕು ಕಂಡರೂ ಅವಳಿಗೆ ಊಟ ಸೇರುತ್ತಿರಲಿಲ್ಲ.

ಸುಕ್ಕು ತೆಗೆಯುವುದಷ್ಟೇ ಅಲ್ಲ, ಸುಕ್ಕು ಓದುವುದೂ ಅವಳಿಗೆ ಬರುತ್ತಿತ್ತು. ಕೋಣೆಯಿಂದ ಇಳಿದು ಬಂದ ಕೊಳಕು ಹಾಸನ್ನು ಮೇಜಿನ ಮೇಲೆ ಹರವಿದರೆ ಸಾಕು, ಅದರ ಮೇಲೆ ಮಲಗಿದ್ದವರ ಜಾತಕವನ್ನೇ ಬಿಚ್ಚಿಡುತ್ತಿದ್ದಳು. "ಈ ಪುಣ್ಯಾತ್ಮ ಬೆಳಗಿನವರೆಗೂ ಗೋಡೆ ಕಡೆ ತಿರುಗಿ ಮಲಗಿದಾನೆ, ಹೆಂಡತಿ ಹತ್ರ ಜಗಳ ಆಡಿರ್ಬೇಕು" ಎನ್ನುವಳು. "ಇವಳಿಗೆ ಹೊಟ್ಟೆನೋವು, ನೋಡು ಮೊಣಕಾಲು ಎಲ್ಲಿಗೆ ಬಂದಿದೆ" ಎನ್ನುವಳು. ಜೊತೆಯವರು ಬಿದ್ದುಬಿದ್ದು ನಗುತ್ತಿದ್ದರು. ಅವಳು ಮಾತ್ರ ನಗದೆ ನೀರು ಚಿಮುಕಿಸಿ ಪೆಟ್ಟಿಗೆ ಎಳೆಯುತ್ತಿದ್ದಳು. ಅಷ್ಟು ಹೊತ್ತಿಗೆ ಆ ಜಗಳವೂ ಹೊಟ್ಟೆನೋವೂ ಸಪಾಟಾಗಿ ಹೋಗಿರುತ್ತಿದ್ದವು.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಗಂಡನ ಅಂಗಿಗಳು ಮಾತ್ರ ಯಾವಾಗಲೂ ಮುದುರಿಯೇ ಇರುತ್ತಿದ್ದವು. ಅವನು ಸಾಮಾನು ಸಾಗಿಸುವ ವ್ಯಾನಿನ ಚಾಲಕ. ಅಂಗಿಯ ಬಗ್ಗೆ ತಲೆ ಕೆಡಿಸಿಕೊಳ್ಳುವ ಆಸಾಮಿಯಲ್ಲ. ಅವನ ತಕರಾರೆಲ್ಲ ಹಾಸಿಗೆಯ ಮೇಲೆ. ಮನೆಯ ಹಾಸಿಗೆಯನ್ನೂ ಅವಳು ಲಾಡ್ಜಿನ ಲೆಕ್ಕದಲ್ಲೇ ಬಿಗಿಯುತ್ತಿದ್ದಳು. ಹೊದಿಕೆಯ ಅಂಚನ್ನು ಕಾಲ್ದೆಸೆಯಲ್ಲಿ ಹಾಸಿಗೆಯ ಕೆಳಗೆ ತುರುಕಿ, ಮೂಲೆ ಮಡಿಸಿ, ಮೇಲೆ ನಾಣ್ಯ ಬಿದ್ದರೆ ಪುಟಿಯಬೇಕು. "ಇದರೊಳಗೆ ನುಗ್ಗೋದು ಅಂದ್ರೆ ಲಕೋಟೆಯೊಳಗೆ ನುಗ್ಗಿದ ಹಾಗೆ ಕಣೇ" ಎಂದು ಗೊಣಗುತ್ತ, ಮಲಗಿದ ತಕ್ಷಣ ಕಾಲಿನಿಂದ ಒದ್ದು ಆ ಅಂಚನ್ನು ಸಡಿಲ ಮಾಡಿಕೊಳ್ಳುತ್ತಿದ್ದ. ಅವಳು ಬೆಳಿಗ್ಗೆ ಮತ್ತೆ ಬಿಗಿಯುತ್ತಿದ್ದಳು. ಹೀಗೆ ಅವರ ಸಂಸಾರ ನಡೆಯುತ್ತಿತ್ತು.

ನಾಯಿ ಬಂದದ್ದೂ ಅವನ ವ್ಯಾನಿನಲ್ಲೇ. ಊರಾಚೆಯ ಓಟದ ಅಂಕಣಕ್ಕೆ ಅವನು ಆಗಾಗ ಪಂದ್ಯದ ನಾಯಿಗಳನ್ನು ಸಾಗಿಸುತ್ತಿದ್ದ. ಒಂದು ದಿನ ಓಡುತ್ತ ಓಡುತ್ತ ನಡುವೆ ನಿಂತುಬಿಟ್ಟ ಒಂದು ಗ್ರೇಹೌಂಡನ್ನು ಯಜಮಾನ ಇನ್ನು ಬೇಡವೆಂದ. ಬೇಡವೆಂದರೆ ಏನರ್ಥ ಎಂದು ಇವನಿಗೆ ಗೊತ್ತಿತ್ತು. ಸಂಜೆ ಎರಡು ಮಹಡಿ ಮೆಟ್ಟಿಲನ್ನು ಆ ನಾಯಿಯನ್ನು ಎತ್ತಿಕೊಂಡೇ ಹತ್ತಿ ಬಂದ, ಅದಕ್ಕೆ ಮೆಟ್ಟಿಲೆಂದರೆ ಏನೆಂದೇ ತಿಳಿದಿರಲಿಲ್ಲ. ಬಾಗಿಲು ತೆಗೆದ ಇಸ್ತ್ರಿಯಕ್ಕನಿಗೆ ಮೊದಲು ಕಂಡದ್ದು ಗಂಡನ ತೋಳಿನಿಂದ ಇಳಿಬಿದ್ದ ನಾಲ್ಕು ಉದ್ದನೆಯ ಕಾಲು. ಬೂದುಬಣ್ಣದ ಮೈ, ಎಣಿಸಬಹುದಾದ ಪಕ್ಕೆಲುಬು, ಬೆನ್ನಿಗಂಟಿದ ಹೊಟ್ಟೆ, ಸೂಜಿಯಂಥ ಮೂತಿ.

"ಇದೇನ್ರೀ ಇದು, ನಾಯೀನೋ, ನಾಯಿಯ ಎಕ್ಸ್-ರೇನೋ?"

"ಓಟಗಾರರು ಹೀಗೇ ಇರೋದು ಕಣೇ. ನಮ್ಮ ಹಾಗೆ ಇರೋಕಾಗುತ್ತಾ?"

ಮಗಳು ಕಡ್ಡಿ ಎಂದು ಹೆಸರಿಟ್ಟಳು. ಹೆಸರು ಅಂಟಿಕೊಂಡಿತು.

ಕಡ್ಡಿಯ ಜೊತೆ ಬಾಳುವುದನ್ನು ಅವರು ಕಲಿಯಬೇಕಾಯಿತು. ಗಾಳಿಯಂತೆ ಓಡುವ ಪ್ರಾಣಿ ಮನೆಯಲ್ಲಿ ಮಹಾ ಸೋಮಾರಿ. ಕುರ್ಚಿಯ ಮೇಲೆ ನಾಲ್ಕೂ ಕಾಲು ಮೇಲೆ ಮಾಡಿ ಹಗಲೆಲ್ಲ ನಿದ್ದೆ. ಬೊಗಳುವುದಂತೂ ಇಲ್ಲವೇ ಇಲ್ಲ. ಮೈಮೇಲೆ ಕೊಬ್ಬಿಲ್ಲದ್ದರಿಂದ ಗಟ್ಟಿ ನೆಲದಲ್ಲಿ ಮಲಗಿದರೆ ಮೂಳೆಯ ಕಡೆ ಹುಣ್ಣಾಗುತ್ತಿತ್ತು, ಅದಕ್ಕೊಂದು ಹಾಸಿಗೆ. ಚಳಿ ತಡೆಯುವುದಿಲ್ಲ, ಅದಕ್ಕೊಂದು ಕೋಟು. ಲಾಡ್ಜಿನಲ್ಲಿ ತಿರಸ್ಕರಿಸಿದ ಕಂಬಳಿಯಿಂದ ಇಸ್ತ್ರಿಯಕ್ಕನೇ ಹೊಲಿದಳು. ಬೀದಿಯವರು ನೋಡಿ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು, ಮೊದಲು ಅದಕ್ಕೆ ಹೊಟ್ಟೆತುಂಬಾ ಹಾಕ್ರಮ್ಮ" ಎಂದು ರೇಗಿಸುತ್ತಿದ್ದರು. ಹಾಕದೆ ಏನು? ಊಟದ ಮೇಜಿನಷ್ಟೇ ಎತ್ತರದ ನಾಯಿ, ಕತ್ತು ಬಗ್ಗಿಸುವ ಕಷ್ಟವೂ ಇಲ್ಲದೆ ತಟ್ಟೆಯಿಂದಲೇ ಎತ್ತಿಕೊಂಡು ಹೋಗುತ್ತಿತ್ತು.

ಒಂದು ವಿಷಯಕ್ಕೆ ಮಾತ್ರ ಅವಳು ಹೊಂದಿಕೊಳ್ಳಲಿಲ್ಲ. ಕಡ್ಡಿ ಕಣ್ಣು ಬಿಟ್ಟುಕೊಂಡು ನಿದ್ದೆ ಮಾಡುತ್ತಿತ್ತು. ಮೊದಲ ಸಲ ನೋಡಿದಾಗ ಸತ್ತೇ ಹೋಯಿತೆಂದು ಅವಳ ಎದೆ ಧಸಕ್ಕೆಂದಿತ್ತು. ಕಣ್ಣು ತೆರೆದಿದೆ, ಗೋಲಿಯಂತೆ ಹೊಳೆಯುತ್ತಿದೆ, ಒಳಗೆ ಯಾರೂ ಇಲ್ಲ. ಆಮೇಲೂ ಕಸ ಗುಡಿಸುವಾಗ ಆ ನೋಟ ಎದುರಾದರೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ಹೋಗುತ್ತಿದ್ದಳು.

ಗಂಡನಿಗೆ ಅದರ ಕಣ್ಣೆಂದರೆ ಹೆಮ್ಮೆ. ಒಂದು ಬಿಸ್ಕತ್ತನ್ನು ನೆಲದ ಮೇಲಿಟ್ಟು ತೋರಿಸುತ್ತಿದ್ದ. ಕಡ್ಡಿ ಅದನ್ನು ದಾಟಿಕೊಂಡೇ ಹೋಗುತ್ತಿತ್ತು. ಕಾಲಿನಿಂದ ಸ್ವಲ್ಪ ತಳ್ಳಿದನೋ, ಮಡಚಿಕೊಂಡಿದ್ದ ಕಿವಿ ಎರಡೂ ನೆಟ್ಟಗೆ ನಿಂತು, ಮೈಯೆಲ್ಲ ಬಿಗಿದು, ಒಂದೇ ನೆಗೆತ. "ಇದು ಮೂಗಿನ ನಾಯಿ ಅಲ್ಲ, ಕಣ್ಣಿನ ನಾಯಿ. ಅಲ್ಲಾಡಿದ್ದು ಮಾತ್ರ ಇದಕ್ಕೆ ಲೆಕ್ಕ. ಅಲ್ಲಾಡದಿದ್ರೆ ನೀನೂ ಒಂದೇ, ಗೋಡೆಯೂ ಒಂದೇ" ಎನ್ನುತ್ತಿದ್ದ. ಭಾನುವಾರ ಮನೆಯ ಹಿಂದಿರುವ ಶಾಲೆಯ ಮೈದಾನಕ್ಕೆ ಕರೆದುಕೊಂಡು ಹೋಗಿ, ಗೇಟು ಹಾಕಿ, ಬಿಟ್ಟುಬಿಡುತ್ತಿದ್ದ. ಗೇಟಿಲ್ಲದ ಕಡೆ ಹಗ್ಗ ಬಿಚ್ಚುವಂತಿಲ್ಲ. ಗಾಳಿಗೆ ಹಾರಿದ ಚೀಲ ಕಂಡರೂ ಅದು ರಸ್ತೆ ನೋಡುವುದಿಲ್ಲ, ಲಾರಿ ನೋಡುವುದಿಲ್ಲ.

ಅಂಥ ಒಂದು ಭಾನುವಾರ ಮೈದಾನದಲ್ಲೇ ಗಂಡ ಕುಸಿದು ಬಿದ್ದ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಸ್ಪತ್ರೆಯವರು ಉಳಿಸಿದರು ಎನ್ನಬೇಕೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ. ಉಸಿರಿತ್ತು, ನಾಡಿಯಿತ್ತು. ಕಣ್ಣು ಅರ್ಧ ತೆರೆದಿತ್ತು, ಆದರೆ ಬೆರಳು ಆಡಿಸಿದರೆ ಹಿಂಬಾಲಿಸುತ್ತಿರಲಿಲ್ಲ. ದೊಡ್ಡ ಡಾಕ್ಟರು ಅಂಗಾಲು ಗೀರಿ ನೋಡಿ, ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಅವಳನ್ನು ಹೊರಗೆ ಕರೆದರು.

"ನೋಡಮ್ಮ, ಮನೆ ಇದೆ, ದೀಪಾನೂ ಉರೀತಾ ಇದೆ, ಒಳಗೆ ಯಾರೂ ಇಲ್ಲ ಅಂತ ತಿಳ್ಕೊಳ್ಳಿ. ಕೈಕಾಲು ಯಾವಾಗಾದ್ರೂ ಅದುರಬಹುದು, ಅದಕ್ಕೆ ಅರ್ಥ ಹುಡುಕಬೇಡಿ."

ಅವಳು ಮನೆಗೆ ಕರೆತಂದಳು. ಬೀದಿ ಕಡೆಯ ಕೋಣೆಯಲ್ಲಿ ಮಂಚ ಹಾಕಿಸಿದಳು. ಮೂಗಿನ ನಳಿಕೆಯಲ್ಲಿ ಆಹಾರ ಬಿಡುವುದು, ಬೆನ್ನು ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ಒರೆಸುವುದು, ಎಲ್ಲ ಕಲಿತಳು. ಬೆಳಿಗ್ಗೆ ಲಾಡ್ಜಿಗೆ ಹೋದಾಗ ಮಗಳು ನೋಡಿಕೊಳ್ಳುವಳು, ಮಧ್ಯಾಹ್ನ ಮಗಳು ಅಂಗಡಿಗೆ ಹೋದರೆ ಇವಳು. ಗಂಡನ ತಂಗಿ ಪಕ್ಕದ ಬೀದಿಯವಳು, ದಿನಕ್ಕೊಮ್ಮೆ ಬಂದು ಅಣ್ಣನ ಮುಖ ನೋಡಿ ಮೂಗೊರೆಸಿಕೊಂಡು ಹೋಗುವಳು. ಹೊದಿಕೆಗಂತೂ ಇಸ್ತ್ರಿಯಕ್ಕ ಗಂಜಿ ಹಾಕಿ, ಕಾಲ್ದೆಸೆಯಲ್ಲಿ ಅಂಚು ತುರುಕಿ, ಬಿಗಿದು ಇಡುತ್ತಿದ್ದಳು. ಒದ್ದು ಸಡಿಲ ಮಾಡುವವನು ಈಗಿರಲಿಲ್ಲವಲ್ಲ. ಆ ಬಿಗಿ ನೋಡಿದರೇ ಅವಳಿಗೆ ಅಳು ಬರುತ್ತಿತ್ತು, ಆದರೂ ಬಿಗಿಯುತ್ತಿದ್ದಳು.

ಕಡ್ಡಿ ಅವನನ್ನು ಗುರುತಿಸಲಿಲ್ಲ. ಸಂಜೆಯಾದರೆ ಬಾಗಿಲಿನ ಕಡೆ ಮುಖ ಮಾಡಿ ಕಿವಿ ನಿಮಿರಿಸಿ ಅವನಿಗೆ ಕಾಯುತ್ತಿತ್ತು, ಮಂಚದ ಮೇಲಿದ್ದವನನ್ನು ಮಾತ್ರ ಮೇಜು ಕುರ್ಚಿಯಂತೆ ಸುತ್ತಿಕೊಂಡು ಹೋಗುತ್ತಿತ್ತು. ಅನ್ನ ಹಾಕಿದವನನ್ನು ನಾಯಿ ಮರೆಯುವುದಿಲ್ಲ ಎಂದು ಜಗತ್ತೇ ಹೇಳುತ್ತದೆ. ಇಸ್ತ್ರಿಯಕ್ಕನಿಗೆ ಡಾಕ್ಟರ ಮಾತಿಗಿಂತ ಇದು ಹೆಚ್ಚು ನೋವು ಕೊಟ್ಟಿತು. ನಾಯಿಗೂ ಒಳಗೆ ಯಾರೂ ಕಾಣುತ್ತಿಲ್ಲ ಎಂದುಕೊಂಡಳು.

ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಅವಳು ಅವನ ಮೈ ಒರೆಸಲು ಒದ್ದೆ ಹತ್ತಿ ಹಿಂಡುತ್ತ ತಿರುಗಿ ನೋಡಿದರೆ ಕಡ್ಡಿ ಮಂಚದ ಕಾಲ್ದೆಸೆಯಲ್ಲಿ ನಿಂತಿತ್ತು. ಕಿವಿ ನೆಟ್ಟಗಿತ್ತು. ಕತ್ತು ಮುಂದೆ ಚಾಚಿ, ಒಂದು ಮುಂಗಾಲು ಎತ್ತಿ, ಓಟಕ್ಕೆ ಮುಂಚೆ ನಿಲ್ಲುವ ಹಾಗೆ ನಿಂತು ಹೊದಿಕೆಯ ತುದಿಯನ್ನೇ ನೋಡುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಬಿಳಿ ಬಟ್ಟೆ, ಅದರಡಿ ಎರಡು ಪಾದದ ದಿಬ್ಬ.

"ಏ ಕಡ್ಡೀ, ಏನೋ ಅಲ್ಲಿ?"

ನಾಯಿ ಅವಳ ಕಡೆ ಕಿವಿ ಕೂಡ ತಿರುಗಿಸಲಿಲ್ಲ. ಅವಳು ಕೈ ಚಪ್ಪಾಳೆ ತಟ್ಟಿ ಓಡಿಸಿದಳು. ಸಂಜೆ ನೋಡಿದರೆ ಹೊದಿಕೆಯ ತುದಿಯಲ್ಲಿ ಒಂದು ಸುಕ್ಕು. ನಾಯಿ ಮೂತಿ ಹಾಕಿದೆ ಎಂದು ಬೈದುಕೊಂಡು ಅಂಗೈಯಲ್ಲಿ ಸವರಿ ಸಪಾಟು ಮಾಡಿದಳು.

ಮರುದಿನವೂ ಅದೇ. ಅದರ ಮರುದಿನವೂ. ಮಧ್ಯಾಹ್ನದ ಬಿಸಿಲು ಮಂಚಕ್ಕೆ ಬರುವ ಹೊತ್ತಿಗೆ ಕಡ್ಡಿ ಕುರ್ಚಿಯಿಂದಿಳಿದು ಬಂದು ನಿಲ್ಲುತ್ತಿತ್ತು. ಕೆಲವೊಮ್ಮೆ ತಲೆಯನ್ನು ನಿಧಾನಕ್ಕೆ ಎಡಕ್ಕೆ ವಾಲಿಸುತ್ತಿತ್ತು, ಆಮೇಲೆ ಬಲಕ್ಕೆ. ಯಾರೋ ಹೇಳುವುದನ್ನು ಕೇಳಿಸಿಕೊಳ್ಳುವವರ ಹಾಗೆ. ಕೆಲವೊಮ್ಮೆ ಹೊಟ್ಟೆಯೊಳಗಿಂದ ಸಣ್ಣಗೆ ಕುಂಯ್ ಎನ್ನುತ್ತಿತ್ತು. ಬೊಗಳಲು ಬಾರದ ನಾಯಿ ಆ ಸದ್ದು ಮಾಡಿದರೆ ಇಸ್ತ್ರಿಯಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟುಬಿಡುತ್ತಿದ್ದಳು.

ನಾದಿನಿ ಒಂದು ದಿನ ಅದನ್ನು ಕಣ್ಣಾರೆ ಕಂಡಳು. ಬಾಗಿಲಲ್ಲೇ ನಿಂತುಬಿಟ್ಟಳು.

"ಅತ್ತಿಗೆ, ಇದು ಎಷ್ಟು ದಿನದಿಂದ ಹೀಗೆ ಮಾಡ್ತಿದೆ?"

"ಸುಮಾರು ದಿನ ಆಯ್ತು. ಯಾಕೆ?"

"ಪ್ರಾಣಿಗಳಿಗೆ ಕಾಣುತ್ತೆ ಅತ್ತಿಗೆ. ಕರ್ಕೊಂಡು ಹೋಗೋಕೆ ಬರೋದು ಕಾಲ್ದೆಸೆಯಿಂದಲೇ. ಮೊದಲು ಅಲ್ಲಿ ಬಂದು ಕೂತ್ಕೊಳ್ಳುತ್ತಂತೆ."

"ಹುಚ್ಚಿ, ಸುಮ್ನಿರು" ಎಂದು ಇಸ್ತ್ರಿಯಕ್ಕ ಗದರಿದಳು. ಆದರೆ ಹುಳ ಒಳಗೆ ಬಿಟ್ಟಾಗಿತ್ತು. ಅವತ್ತಿನಿಂದ ಹೊದಿಕೆಯ ತುದಿಯ ಸುಕ್ಕು ಯಾರೋ ಕೂತು ಎದ್ದು ಹೋದ ಗುರುತಿನ ಹಾಗೆ ಕಾಣಲು ಶುರುವಾಯಿತು.

ಕಡ್ಡಿಯನ್ನು ಕೋಣೆಯಿಂದ ಹೊರಗೆ ಹಾಕಿ ಬಾಗಿಲು ಮುಚ್ಚಿದಳು. ಬಾಗಿಲಿಗೆ ಮೇಲ್ಗಡೆ ಗಾಜಿತ್ತು. ಹಿಂಗಾಲ ಮೇಲೆ ನಿಂತರೆ ಆ ನಾಯಿಯ ಮುಖ ಸರಿಯಾಗಿ ಗಾಜಿಗೆ ಬರುತ್ತಿತ್ತು. ಗಾಜಿನಾಚೆ ಉದ್ದನೆಯ ಬೂದು ಮುಖ, ಎರಡು ನಿಮಿರಿದ ಕಿವಿ, ಕಣ್ಣು ಕಾಲ್ದೆಸೆಯ ಮೇಲೆ. ಅವಳು ಗಾಜಿಗೆ ಕಾಗದ ಅಂಟಿಸಿದಳು. ಆಚೆಯಿಂದ ಉಗುರಿನ ಸದ್ದು ಕೇಳುತ್ತಲೇ ಇತ್ತು.

ಅವತ್ತು ಸಂಜೆಯೂ ಹೊದಿಕೆಯಲ್ಲಿ ಸುಕ್ಕಿತ್ತು.

ನಾಯಿ ಹೊರಗಿತ್ತು. ಬಾಗಿಲು ಹಾಕಿತ್ತು. ಮಗಳು ಅಂಗಡಿಯಲ್ಲಿದ್ದಳು. ಕೋಣೆಯಲ್ಲಿ ಅವಳೂ, ಒಳಗೆ ಯಾರೂ ಇಲ್ಲದ ಗಂಡನೂ ಇಬ್ಬರೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥ ಹೊತ್ತಿಗೇ ಇರಬೇಕು. ಲಾಡ್ಜಿನ ಯಾವ ಹಾಸನ್ನಾದರೂ ಓದುತ್ತಿದ್ದ ಹೆಂಗಸು, ಮೇಲಿನಿಂದ ಕೂತು ಆದ ಸುಕ್ಕು ಯಾವುದು, ಒಳಗಿನಿಂದ ತಳ್ಳಿ ಆದ ಸುಕ್ಕು ಯಾವುದು ಎಂದು ಮೊದಲ ನೋಟಕ್ಕೆ ಹೇಳಬಲ್ಲವಳು, ಇದನ್ನು ಓದಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಹೆದರಿಕೆಯಲ್ಲಿ ಅವಳು ಮಾಡಿದ್ದು ಕೈಗೆ ರೂಢಿಯಿದ್ದ ಕೆಲಸ. ಸುಕ್ಕನ್ನು ಸವರಿದಳು. ಮರುದಿನದಿಂದ ಗಂಜಿ ಇನ್ನೂ ಗಟ್ಟಿ ಹಾಕಿದಳು, ಅಂಚನ್ನು ಇನ್ನೂ ಒಳಕ್ಕೆ ತುರುಕಿದಳು. ಆದರೂ ಸಂಜೆಗೆ ಒಂದು ಗೀರು ಬರುತ್ತಿತ್ತು. ಕೊನೆಗೆ, ಬರುವವನು ಎಲ್ಲಿ ಕೂರುತ್ತಾನೋ ನೋಡೇ ಬಿಡೋಣ ಎಂದು, ಮನೆಯಲ್ಲಿದ್ದ ದಪ್ಪ ರಜಾಯಿಗಳನ್ನೆಲ್ಲ ಚೌಕ ಮಡಿಸಿ ಗಂಡನ ಪಾದಗಳ ಮೇಲೆ ಒಂದರ ಮೇಲೊಂದು ಪೇರಿಸಿದಳು. ಕೂರಲು ಜಾಗವೇ ಇಲ್ಲದಂತಾಯಿತು.

ಅಲ್ಲಿಗೆ ಎಲ್ಲ ನಿಂತಿತು. ಸುಕ್ಕು ಬರಲಿಲ್ಲ. ಬಾಗಿಲು ತೆಗೆದರೆ ಕಡ್ಡಿ ಒಳಗೆ ಬಂದು, ಮಂಚವನ್ನು ಒಮ್ಮೆ ನೋಡಿ, ಕಿವಿ ಮಡಚಿಕೊಂಡು ಕುರ್ಚಿಗೆ ಹೋಗಿ ಮಲಗಿತು. ಇಸ್ತ್ರಿಯಕ್ಕ ಬಹಳ ದಿನದ ಮೇಲೆ ನೆಮ್ಮದಿಯಿಂದ ನಿದ್ದೆ ಮಾಡಿದಳು. ಅವಳ ಬದುಕಿನಲ್ಲಿ ಅದಕ್ಕಿಂತ ಕೆಟ್ಟ ನಿದ್ದೆ ಇನ್ನೊಂದಿಲ್ಲ, ಆದರೆ ಅದು ಅವಳಿಗೆ ಆಗ ತಿಳಿಯಬೇಕಲ್ಲ.

ದಿನಗಳು ಉರುಳಿದವು. ಅವಳ ಬಲಭುಜ ಹಿಡಿದುಕೊಂಡಿತು. ಲಾಡ್ಜಿನಲ್ಲಿ ಪೆಟ್ಟಿಗೆ ಎಳೆದು, ಮನೆಯಲ್ಲಿ ಭಾರದ ದೇಹವನ್ನು ಮಗ್ಗುಲು ಹೊರಳಿಸಿ, ತೋಳು ತಲೆಯವರೆಗೂ ಏಳದಂತಾಯಿತು. ಒಂದು ಮಧ್ಯಾಹ್ನ ಅವನನ್ನು ಹೊರಳಿಸುವಾಗ ಕೈ ಜಾರಿ ಅವನ ತಲೆ ಮಂಚದ ಚೌಕಟ್ಟಿಗೆ ಬಡಿಯಿತು. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತು, "ಯಾರಿಗೋಸ್ಕರ ಉಸಿರಾಡ್ತಿದೀರಿ? ಸಾಕು, ನಿಲ್ಲಿಸಿಬಿಡಿ. ನಿಮಗೂ ಬಿಡುಗಡೆ, ನನಗೂ ಬಿಡುಗಡೆ" ಎಂದಳು. ಗೋಡೆಗೆ ಹೇಳಿದ ಹಾಗೆ ಹೇಳಿದಳು.

ನಾದಿನಿಯೇ ಊರಾಚೆಯ ಒಂದು ಆರೈಕೆ ಮನೆಯನ್ನು ಗೊತ್ತುಮಾಡಿದಳು. ಇಂಥವರನ್ನೇ ಸಾಲಾಗಿ ಮಲಗಿಸಿ ನೋಡಿಕೊಳ್ಳುವ ಜಾಗ. ಮಂಚದ ಆಚೆ ಒಬ್ಬರು, ಈಚೆ ಒಬ್ಬರು ನಿಂತೇ ಮಾತಾಡಿಕೊಂಡರು. ಅವನನ್ನು ಯಾವ ವಾರ ಕಳಿಸುವುದು, ಅವನ ಬಟ್ಟೆ ಯಾರಿಗೆ ಕೊಡುವುದು, ಕೋಣೆಯನ್ನು ಬಾಡಿಗೆಗೆ ಬಿಡಬಹುದೋ ಎಂಬುದೆಲ್ಲ ಅಲ್ಲೇ ತೀರ್ಮಾನವಾಯಿತು. ಮಗಳು ಒಪ್ಪಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ತಾಯಿ ಮಗಳ ನಡುವೆ ಮಾತು ನಿಂತಿತು. ಆದರೂ ಅಮ್ಮನ ಭುಜ ನೋಡುವಾಗ ಮಗಳ ಬಾಯಿ ಕಟ್ಟಿಹೋಗುತ್ತಿತ್ತು.

ವ್ಯಾನು ಬರುವ ದಿನ ಬೆಳಿಗ್ಗೆ ಮಗಳು ಅಪ್ಪನ ಕೆನ್ನೆ ಮುಟ್ಟಿ, ಯಾರನ್ನೂ ನೋಡದೆ, ಹೊತ್ತಿಗೆ ಮುಂಚೆಯೇ ಅಂಗಡಿಗೆ ಹೊರಟುಹೋದಳು. ನಾದಿನಿ ಅಡುಗೆಮನೆಯಲ್ಲಿ ಔಷಧಿ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಆರೈಕೆ ಮನೆಯಲ್ಲಿ ಅವರದ್ದೇ ಹಾಸು ಹೊದಿಕೆ ಕೊಡುತ್ತಾರಂತೆ. ಇಸ್ತ್ರಿಯಕ್ಕ ರಜಾಯಿಗಳನ್ನು ಎತ್ತಿ ಕೆಳಗಿಟ್ಟಳು. ಅಂಚನ್ನು ಹಾಸಿಗೆಯ ಕೆಳಗಿನಿಂದ ಎಳೆದು ಬಿಡಿಸಿ ಹೊದಿಕೆಯನ್ನು ತೆಗೆದಳು. ಒತ್ತಿ ಒತ್ತಿ ಅವನ ಕಾಲ್ಬೆರಳುಗಳು ಬೆಳ್ಳಗೆ, ಒಂದಕ್ಕೊಂದು ಅಂಟಿಕೊಂಡಿದ್ದವು. ಬಟ್ಟೆಯನ್ನು ಮಡಿಸಲು ಕಿಟಕಿಯ ಕಡೆ ತಿರುಗಿದಳು.

ಹಿಂದೆ ಕುರ್ಚಿ ಕಿರ್ರೆಂದಿತು. ಕಡ್ಡಿ ಎದ್ದು ನಿಂತಿತ್ತು. ಕಿವಿ ನೆಟ್ಟಗೆ. ಒಂದೊಂದೇ ಹೆಜ್ಜೆ ಇಟ್ಟು ಮಂಚದ ಕಾಲ್ದೆಸೆಗೆ ಬಂದು, ಮುಂಗಾಲು ಎತ್ತಿ, ನಿಂತಿತು. ಬಾಲ ಕೂಡ ಅಲ್ಲಾಡುತ್ತಿರಲಿಲ್ಲ. ಹೊದಿಕೆಯಿಲ್ಲ, ರಜಾಯಿಯಿಲ್ಲ, ಹಾಡಹಗಲು. ಅಲ್ಲಿ ಕೂತದ್ದು ಏನೇ ಇದ್ದರೂ ಇವತ್ತು ನೋಡಿಯೇ ತೀರಬೇಕು ಎಂದು ನಾಯಿಯ ಪಕ್ಕಕ್ಕೆ ಬಂದು ಬಗ್ಗಿ, ಅದರ ಮೂತಿಯ ಪಕ್ಕದಲ್ಲೇ ತನ್ನ ಮುಖವಿಟ್ಟು, ಅದು ನೋಡುತ್ತಿದ್ದ ಕಡೆಯೇ ನೋಡಿದಳು.

ಬಲಗಾಲಿನ ಹೆಬ್ಬೆರಳು. ಅದು ಮೇಲೇಳುತ್ತಿತ್ತು. ಭತ್ತದ ಕಾಳಿನಷ್ಟು ಎದ್ದು, ಇಳಿದು, ಮತ್ತೆ ಏಳುತ್ತಿತ್ತು.

ಅವಳು ನೆಲಕ್ಕೆ ಮೊಣಕಾಲೂರಿದಳು. ಅದುರುತ್ತದೆ, ಅರ್ಥ ಹುಡುಕಬೇಡಿ ಎಂದಿದ್ದರು ಡಾಕ್ಟರು.

"ರೀ," ಎಂದಳು. "ನೀವೇ ಆಗಿದ್ರೆ ಸುಮ್ನಿರಿ ನೋಡೋಣ."

ಹೆಬ್ಬೆರಳು ನಿಂತಿತು. ಕಡ್ಡಿಯ ಕಿವಿ ಅರ್ಧಕ್ಕೆ ಇಳಿಯಿತು.

"ಈಗ ಒಂದ್ಸಲ ಎತ್ತಿ."

ಎದ್ದಿತು. ಕಿವಿಯೂ ಎದ್ದಿತು.

"ಇನ್ನೊಂದ್ಸಲ."

ಎದ್ದಿತು.

ಅವಳಿಗೆ ಸಂತೋಷವಾಯಿತು ಎಂದು ಯಾರಾದರೂ ತಿಳಿದರೆ ಅವರು ಆ ಕೋಣೆಯಲ್ಲಿ ಇರಲಿಲ್ಲ ಅಷ್ಟೆ. ಅವಳಿಗಾದದ್ದು ಭಯ, ಕಾಲ್ದೆಸೆಯಲ್ಲಿ ಯಮನೇ ಕೂತಿದ್ದಾನೆ ಎಂದುಕೊಂಡಾಗಲೂ ಆಗದಷ್ಟು ಭಯ. ಅವನು ಇದ್ದ. ಇಷ್ಟು ದಿನವೂ ಇದ್ದ. ಈ ಕೋಣೆಯಲ್ಲಿ ಆಡಿದ ಮಾತುಗಳೆಲ್ಲ ಒಂದೊಂದಾಗಿ ಅವಳ ತಲೆಯೊಳಗೆ ಎದ್ದು ಬಂದವು.

"ಎಲ್ಲಾ ಕೇಳಿಸ್ತಿತ್ತಾ?"

ಹೆಬ್ಬೆರಳು ಎದ್ದಿತು.

ಅವಳ ಕೂಗಿಗೆ ನಾದಿನಿ ಬಾಟಲಿ ಹಿಡಿದುಕೊಂಡೇ ಓಡಿಬಂದಳು. ಇಸ್ತ್ರಿಯಕ್ಕ ಹೇಳಿದ್ದನ್ನು ಮೊದಲು ನಂಬಲಿಲ್ಲ. ಅತ್ತಿಗೆಗೆ ಕಳಿಸುವ ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಳು. ಅಷ್ಟರಲ್ಲಿ ಕೆಳಗೆ ವ್ಯಾನು ಬಂದು ನಿಂತ ಸದ್ದಾಯಿತು.

"ವ್ಯಾನ್ ವಾಪಸ್ ಕಳಿಸು. ಇವರನ್ನ ಕಳಿಸಲ್ಲ ನಾನು."

"ಅತ್ತಿಗೆ, ಡಾಕ್ಟರು ಏನಂದಿದ್ರು..."

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನೀನೇ ಕೇಳು ನಿಮ್ಮಣ್ಣನ್ನ."

ನಾದಿನಿ ಬಾಟಲಿಯನ್ನು ಎದೆಗೊತ್ತಿಕೊಂಡು ಮಂಚದ ಹತ್ತಿರ ಬಂದಳು. "ಅಣ್ಣಾ, ಇಲ್ಲೇ ಇರ್ತೀಯಾ? ಇರೋದಾದ್ರೆ ಎತ್ತು."

ಮೂವರೂ ಕಾದರು. ಇಬ್ಬರು ಹೆಂಗಸರು, ಒಂದು ನಾಯಿ. ಹೆಬ್ಬೆರಳು ಅಲ್ಲಾಡಲಿಲ್ಲ. ಕಡ್ಡಿ ಕಿವಿ ಮಡಚಿಕೊಂಡು ಕಿಟಕಿಯ ಪರದೆಯ ಕಡೆ ನೋಡಿತು.

"ಹೋಗ್ತೀಯಾ ಹಾಗಾದ್ರೆ?"

ನಾಯಿಯ ತಲೆ ಥಟ್ಟನೆ ಇತ್ತ ತಿರುಗಿತು. ಹೆಬ್ಬೆರಳು ಎದ್ದು ನಿಂತಿತ್ತು, ಇಷ್ಟು ಹೊತ್ತಿನಲ್ಲೇ ಎಲ್ಲಕ್ಕಿಂತ ಎತ್ತರಕ್ಕೆ.

"ನೀನು ಕೇಳಿದ್ದು ಸರಿಯಿಲ್ಲ" ಎಂದು ಇಸ್ತ್ರಿಯಕ್ಕ ತಾನೇ ಕೇಳಿದಳು. ಮೊದಲು ಹೋಗುವುದನ್ನು, ಆಮೇಲೆ ಇರುವುದನ್ನು, ತಿರುಗಿಸಿ ಕೇಳಿದಳು. ಅದೇ ಉತ್ತರ. "ಯಾಕ್ರೀ?" ಎಂದಳು. ಕಾಲ್ಬೆರಳಿಗೆ ಹೌದು ಬರುತ್ತದೆ, ಇಲ್ಲ ಬರುತ್ತದೆ, ಯಾಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ವ್ಯಾನಿನ ಇಬ್ಬರು ಆಳುಗಳು ಸ್ಟ್ರೆಚರ್ ಹಿಡಿದು ಒಳಗೆ ಬಂದರು. ಅವಳು ತಡೆಯಲಿಲ್ಲ. ಅವನನ್ನು ಕೇಳದೆ ಎಲ್ಲ ಮಾಡಿದ್ದಾಯಿತು. ಕೇಳಿದ ಮೇಲೆ, ಹೇಳಿದ ಮೇಲೆ, ಇಲ್ಲವೆನ್ನುವುದು ಹೇಗೆ ಎಂದು ಅವಳಿಗೆ ಹೊಳೆಯಲಿಲ್ಲ.

ಆಳುಗಳು ಎತ್ತಿ ಮಲಗಿಸಿದರು. ಒಬ್ಬ ರೂಢಿಯಂತೆ ಕಾಲ ಮೇಲೆ ಬಟ್ಟೆ ಎಳೆದ.

"ಕಾಲು ಮುಚ್ಚಬೇಡಿ."

"ಚಳಿ ಆಗುತ್ತಲ್ಲಮ್ಮ."

"ಆಗ್ಲಿ. ಅವರು ಮಾತಾಡ್ತಿದಾರೆ."

ಆಳು ಜೊತೆಗಾರನ ಮುಖ ನೋಡಿದ, ಬಟ್ಟೆ ಸರಿಸಿದ. ಮೆಟ್ಟಿಲಿಳಿಯತೊಡಗಿದರು. ಪಾದ ಮೇಲ್ಗಡೆಗಿತ್ತು, ಇಸ್ತ್ರಿಯಕ್ಕ ಅದರ ಹಿಂದೆಯೇ ಇಳಿದಳು, ಅವಳ ಪಕ್ಕದಲ್ಲಿ ಕಡ್ಡಿ. ಮೊದಲ ತಿರುವಿಗೆ ಬರುವಾಗ ನೋಡುತ್ತಾಳೆ, ಹೆಬ್ಬೆರಳು ಎದ್ದು ಇಳಿದು, ಎದ್ದು ಇಳಿದು, ಒಂದೇ ಸಮನೆ ಆಡುತ್ತಿದೆ. ಯಾರೂ ಏನೂ ಕೇಳಿರಲಿಲ್ಲ.

"ನಿಲ್ಸಿ. ಇಲ್ಲೇ ಇಳಿಸಿ."

"ಇಲ್ಲೇನಾ? ಮೆಟ್ಟಿಲ ಮೇಲಾ?"

"ಇಳಿಸಿ ಅಂದೆನಲ್ಲ."

ತಿರುವಿನ ಚೌಕದಲ್ಲಿ ಸ್ಟ್ರೆಚರ್ ಇಳಿಸಿದರು. ಅವಳು ಕೊನೆಯ ಮೆಟ್ಟಿಲ ಮೇಲೆ ಕೂತಳು. ಯಾಕೆ ಎಂದು ಒಟ್ಟಿಗೆ ಕೇಳಲಾಗದಿದ್ದರೆ ಚೂರುಚೂರಾಗಿ ಕೇಳಬಹುದಲ್ಲ ಎಂದು ಆಗ ಹೊಳೆದಿತ್ತು.

"ನನ್ನ ಭುಜ ನೋಯುತ್ತೆ ಅಂತ ಹೋಗ್ತಿದೀರಾ?"

ಹೆಬ್ಬೆರಳು ನಿಂತಿತು. ಅಲ್ಲಾಡಲಿಲ್ಲ.

"ನನ್ನ ಮೇಲೆ ಕೋಪಾನಾ?"

ಎದ್ದಿತು.

ಆಳುಗಳಲ್ಲಿ ಒಬ್ಬ ಗೋಡೆಗಂಟಿ ನಿಂತ. ಅವಳು ಸೆರಗನ್ನು ಬಾಯಿಗೊತ್ತಿಕೊಂಡು ತೆಗೆದಳು. "ಉಸಿರು ನಿಲ್ಸಿ ಅಂದೆನಲ್ಲ, ಆ ಮಾತಿಗಾ?"

ಅಲ್ಲಾಡಲಿಲ್ಲ. ಎಷ್ಟು ಕಾದರೂ ಅಲ್ಲಾಡಲಿಲ್ಲ. ಅವಳು ಬೇರೆ ಏನಿರಬಹುದೆಂದು ಹುಡುಕಿದಳು, ಸಿಕ್ಕಿತು, ಸಿಕ್ಕಿದ್ದನ್ನು ಬಾಯಲ್ಲಿ ಆಡಲು ಬಹಳ ಹೊತ್ತು ಹಿಡಿಯಿತು.

"ದಿನಾ ನೀವು ಎಬ್ಬಿಸಿದ ಸುಕ್ಕನ್ನ ದಿನಾ ನಾನು ಸವರಿ ಹಾಕ್ದೆ. ಅದಕ್ಕಾ?"

ಹೆಬ್ಬೆರಳು ಎದ್ದಿತು. ಇಳಿಯಲೇ ಇಲ್ಲ. ಹಾಗೇ ಸೆಟೆದು ನಡುಗುತ್ತ ನಿಂತಿತು, ಕಡ್ಡಿ ಅದನ್ನು ನೋಡಿ ಹೊಟ್ಟೆಯೊಳಗಿಂದ ಕುಂಯ್ ಎಂದಿತು. ಇಸ್ತ್ರಿಯಕ್ಕ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿಯಹೋದವಳು ಹಿಡಿಯಲಿಲ್ಲ. ಹಿಡಿದರೆ ಅದರ ಬಾಯಿ ಮುಚ್ಚಿದ ಹಾಗೆ ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು. ಅತ್ತಳು, ಜೋರಾಗಿಯೇ ಅತ್ತಳು. ಆಮೇಲೆ ಮೂಗೊರೆಸಿಕೊಂಡು, ಇಷ್ಟು ವರ್ಷ ಅವನ ಜೊತೆ ಜಗಳವಾಡುತ್ತಿದ್ದ ದನಿಯಲ್ಲೇ ಹೇಳಿದಳು:

"ಕೋಪ ಇದ್ರೆ ಮನೇಲಿದ್ದು ಮಾಡ್ಕೊಳ್ಳಿ. ಗೊತ್ತಿಲ್ಲದವರ ಮನೇಲಿ ನಿಮ್ಮ ಕೋಪ ಯಾರಿಗೆ ಅರ್ಥ ಆಗುತ್ತೆ? ಮೇಲೆ ಕರ್ಕೊಂಡು ಹೋಗ್ಲಾ?"

ಕೆಳಗೆ ವ್ಯಾನಿನವನು ಹಾರ್ನ್ ಹೊಡೆದ. ಮೇಲೆ ಕಟಕಟೆ ಹಿಡಿದು ನಾದಿನಿ, ಗೋಡೆಗೆ ಆತುಕೊಂಡು ಆಳುಗಳು, ಎಲ್ಲರ ಕಣ್ಣೂ ಒಂದು ಕಾಲ್ಬೆರಳ ಮೇಲೆ. ಹೆಬ್ಬೆರಳು ಇಳಿಯಿತು. ಸುಮ್ಮನಿತ್ತು. ಓಡಾಡಿಕೊಂಡಿದ್ದ ಕಾಲದಲ್ಲಿ ಅವನು ಅವಳನ್ನು ಕಾಯಿಸಿದ ಹಾಗೆಯೇ ಕಾಯಿಸಿತು. ಕೊನೆಗೆ, ಭತ್ತದ ಕಾಳಿನಷ್ಟು, ಎದ್ದಿತು.

ಈಗಲೂ ಅವನು ಅದೇ ಬೀದಿ ಕಡೆಯ ಕೋಣೆಯಲ್ಲಿದ್ದಾನೆ. ಇಸ್ತ್ರಿಯಕ್ಕ ಲಾಡ್ಜಿನ ಕೆಲಸವನ್ನು ಇನ್ನಷ್ಟು ಕಡಿಮೆ ಮಾಡಿಕೊಂಡಿದ್ದಾಳೆ. ಹೊರಳಿಸಲು ಮಗಳೂ ನಾದಿನಿಯೂ ಕೈ ಹಾಕುತ್ತಾರೆ. ಆ ಕೋಣೆಗೆ ಬಂದವರೆಲ್ಲ ಮಾತನ್ನು ಹಲ್ಲಿನ ಹಿಂದೆ ಒಮ್ಮೆ ತೂಗಿ ಆಡುತ್ತಾರೆ, ಬಾಗಿಲು ದಾಟಿದ ಮೇಲೆ ದೊಡ್ಡ ಉಸಿರು ಬಿಡುತ್ತಾರೆ. ಪಾದಕ್ಕೆ ಯಾರೂ ಏನೂ ಹೊದಿಸುವುದಿಲ್ಲ. ದಣಿದಾಗ ಅವನ ಬೆರಳಿನ ಅಲುಗಾಟ ಮನುಷ್ಯರ ಕಣ್ಣಿಗೆ ಬೀಳುವುದಿಲ್ಲ. ಆಗ ಅವರು ಕಡ್ಡಿಯ ಕಿವಿ ನೋಡುತ್ತಾರೆ. ಕಾಲ್ದೆಸೆಯಲ್ಲಿ ಅದಕ್ಕೊಂದು ಹಾಸಿಗೆ ಹಾಕಿದ್ದಾರೆ. ಕಣ್ಣು ತೆರೆದುಕೊಂಡು ಅಲ್ಲಿ ಮಲಗಿರುತ್ತದೆ, ನಿದ್ದೆಯಲ್ಲಿದೆಯೋ ಎಚ್ಚರವಿದೆಯೋ ಹೇಳಲಾಗದು.

ಕಿಟಕಿ ತೆಗೆಯಲಾ ಎಂದರೆ ಅವನು ಎತ್ತುತ್ತಾನೆ. ಮಗಳು ಅಂಗಡಿಯ ಸುದ್ದಿ ಹೇಳಲಾ ಎಂದರೆ ಎತ್ತುತ್ತಾನೆ. ಮಧ್ಯಾಹ್ನದ ಬಿಸಿಲು ಮಂಚಕ್ಕೆ ಬರುವ ಹೊತ್ತಿಗೆ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಇಸ್ತ್ರಿಯಕ್ಕ ಕಾಲ್ದೆಸೆಗೆ ಬಂದು ಕೂತು ದಿನಕ್ಕೊಂದು ಸಲ ಕೇಳುತ್ತಾಳೆ.

"ಕೋಪ ಹೋಯ್ತೇನ್ರೀ?"

ಕೇಳಿ, ನಾಯಿಯ ಕಿವಿಯನ್ನೇ ನೋಡುತ್ತ ಕೂರುತ್ತಾಳೆ. ಆ ಕಿವಿ ಇವತ್ತಿನವರೆಗೂ ಎದ್ದಿಲ್ಲ.